ಸೇವೆಗೆ ಬರುವವರು ಮೊದಲು ಅತಿಥಿಗಳಾಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ದೂರದ ನಗರಗಳ ಕ್ರೈಸ್ತ ಸಭೆಗಳಿಂದ ಯುವಕ ಯುವತಿಯರ ತಂಡಗಳು ಆರೋಗ್ಯ ಶಿಬಿರ, ಮಕ್ಕಳ ಶಿಬಿರಗಳಿಗೆಂದು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಿಗೆ ಬರುತ್ತವೆ. ನಮ್ಮ ಸಭೆಗಳ ಮಕ್ಕಳೂ ಹೀಗೆಯೇ ಹೊರರಾಜ್ಯಗಳಿಗೆ ಹೋಗುವುದುಂಟು. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಏನು ಬೇಕೆಂದು ಊರವರನ್ನು ಕೇಳುವುದಕ್ಕೆ ಮೊದಲೇ ಏನು ಕೊಡಬೇಕೆಂಬುದು ಅನೇಕ ಸಲ ತೀರ್ಮಾನವಾಗಿರುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಎಲ್ಲ ಧರ್ಮದವರೂ ನೆರವು ಕಳಿಸಿದರು. ದನಕರುಗಳೊಂದಿಗೆ ಮನೆ ಬಿಟ್ಟ ರೈತನಿಗೆ ತನ್ನ ಊಟಕ್ಕಿಂತ ಮೇವಿನ ಚಿಂತೆ ದೊಡ್ಡದು. ಜೋಳದ ರೊಟ್ಟಿ ಉಂಡು ಬೆಳೆದ ಹಿರಿಯರಿಗೆ ಬ್ರೆಡ್ಡಿನ ಪೊಟ್ಟಣ ಎಷ್ಟು ದಿನ ರುಚಿಸೀತು? ಸೀರೆ, ಕುಬಸ ಬಿಟ್ಟು ಬೇರೇನೂ ಉಡದ ಅಜ್ಜಿಗೆ ಚೂಡಿದಾರದಿಂದ ಏನುಪಯೋಗ? ಕೊಡುವವರ ಮನಸ್ಸಿನಲ್ಲಿ ಕೊರತೆಯಿರುವುದಿಲ್ಲ, ವಿಚಾರಿಸುವುದರಲ್ಲಿ ಇರುತ್ತದೆ.

ಇದು ಹೊಸ ತೊಡಕಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲಿಯೇ, ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತ್ತೆಂದು ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೆಯ ಅಧ್ಯಾಯ ಹೇಳುತ್ತದೆ. ಅಪೊಸ್ತಲರು, ಅಂದರೆ ಯೇಸುವಿನ ಪ್ರಮುಖ ಶಿಷ್ಯರು, ಸಮಜಾಯಿಷಿ ಕೊಡುತ್ತ ಕೂರದೆ, ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು; ದೂರು ಎಲ್ಲಿಂದ ಬಂತೋ ಅಲ್ಲಿಯವರ ಕೈಗೇ ಹಂಚುವ ಹೊಣೆ ಹೋಯಿತೆಂದು ತೋರುತ್ತದೆ. ಇಂದಿನ ನಮ್ಮ ಎಷ್ಟು ಸಮಿತಿಗಳಿಗೆ ಆ ಧೈರ್ಯವಿದೆ? ಯೇಸು ಕೂಡ ಸಮಾರ್ಯದ ಹೆಂಗಸಿನೊಡನೆ ಮಾತು ಆರಂಭಿಸಿದ್ದು ಅವಳಿಂದ ಕುಡಿಯಲು ನೀರು ಕೇಳುವುದರ ಮೂಲಕ. ತಾನು ಕಳಿಸಿದ ಶಿಷ್ಯರಿಗೆ, ಹೋದ ಊರಿನಲ್ಲಿ ಬಡಿಸಿದ್ದನ್ನು ಉಣ್ಣಿರೆಂದೇ ಹೇಳಿದನು.

1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಬಂದ ಜರ್ಮನ್ ಪಾದ್ರಿ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು ನಲವತ್ತೊಂದು ವರ್ಷಗಳ ನಂತರ, 1894ರಲ್ಲಿ. ವಾರದ ಶಿಬಿರಕ್ಕೆ ಬರುವವರಿಂದ ಊರಿನ ಭಾಷೆಗೆ ಅಷ್ಟು ವರ್ಷ ಮೀಸಲಿಡುವುದನ್ನು ಬಯಸುವುದು ಅನ್ಯಾಯವಾದೀತು. ಆದರೂ ಮೊದಲ ಕೆಲವು ದಿನ ಬ್ಯಾನರು, ಫೋಟೊಗಳಿಲ್ಲದೆ ನೇಕಾರರ ಇಲ್ಲವೇ ರೈತರ ಮನೆಯಲ್ಲಿ ಉಳಿದು, ಅವರು ಕೊಟ್ಟ ಚಹಾ ಕುಡಿದು, ನಾಲ್ಕು ಕನ್ನಡ ಮಾತು ಕಲಿಯಲು ಅಡ್ಡಿಯೇನು? ಶಿಬಿರ ಎಂದು, ಎಲ್ಲಿ, ಯಾರಿಗೆ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯರು, ಮಹಿಳಾ ಸ್ವಸಹಾಯ ಸಂಘದವರು ಹೇಳಲಿ.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ಕ್ರೈಸ್ತರ ಸೇವೆಯನ್ನು ಅನುಮಾನದಿಂದ ನೋಡುವವರಿದ್ದಾರೆ. ನೆರವಿಗೂ ಪ್ರಾರ್ಥನೆಗೆ ಬರುವುದಕ್ಕೂ ಗಂಟು ಹಾಕುವ ತಂಡವು ಆ ಅನುಮಾನವನ್ನು ತಾನೇ ಗಟ್ಟಿ ಮಾಡುತ್ತದೆ. ಬೇಸಿಗೆಯ ತಂಡಗಳನ್ನು ಬರಮಾಡಿಕೊಳ್ಳುವ ಸಭಾಪಾಲಕರು ಇದನ್ನು ಅವರು ಹೊರಡುವ ಮೊದಲೇ ಸ್ಪಷ್ಟಪಡಿಸಬೇಕು. ನಮ್ಮ ಮಕ್ಕಳನ್ನು ಹೊರಗೆ ಕಳಿಸುವಾಗಲೂ ಇದೇ ನಿಯಮ ಅನ್ವಯಿಸಬೇಕು.

– ಸಭೆಯೊಂದರ ಸದಸ್ಯ, ಗುಳೇದಗುಡ್ಡ