ಅಪ್ಪನ ಜೊತೆ ಎಚ್ಚರ ಇದ್ದವರಿಗೆ

ನಿನ್ನೆ ಅಪ್ಪನ ಮೂವತ್ತನೇ ದಿನದ ಬಲಿಪೂಜೆ ಆಯಿತು. ಇಗರ್ಜಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿದೆ, ಮಾತು ಮಾತ್ರ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮದು ಕೊಂಕಣಿ, ಪಕ್ಕದ ಮನೆಯವರ ಜೊತೆ ತುಳು, ಪಂಚಾಯತ್ ಆಫೀಸಿಗೆ ಹೋದರೆ ಮಲಯಾಳ. ಆದರೆ ಅಪ್ಪ ಶಾಲೆ ಕಲಿತದ್ದು, ಅಡಿಕೆಯ ಲೆಕ್ಕ ಬರೆದದ್ದು, ಬೈಬಲಿನಲ್ಲಿ ಪೆನ್ಸಿಲ್ ಗೆರೆ ಎಳೆದದ್ದು ಎಲ್ಲ ಕನ್ನಡದಲ್ಲಿ. ಅವರ ಪರವಾಗಿ ಹೇಳುವ ಕೃತಜ್ಞತೆಯೂ ಕನ್ನಡದಲ್ಲೇ ಇರಲಿ.

ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತು. ಮಂಗಳೂರಿಗೆ ಎಷ್ಟು ಸಲ ಓಡಿದೆವು, ಕೊನೆಗೆ ಯಾಕೆ ಮನೆಗೇ ಕರಕೊಂಡು ಬಂದೆವು ಅಂತ ಮತ್ತೆ ಹೇಳುವುದಿಲ್ಲ.

ರೋಗಿಗೆ ಪವಿತ್ರ ಎಣ್ಣೆ ಹಚ್ಚುವ ಅಭ್ಯಂಗ ಸಂಸ್ಕಾರ ಕೊಟ್ಟು, ಆಮೇಲೂ ವಾರ ವಾರ ಪರಮಪ್ರಸಾದ ತಂದ ಫಾದರ್, ರಾತ್ರಿ ತೇರ್ಸಿಗೆ (ಜಪಮಾಲೆಯ ಪ್ರಾರ್ಥನೆಗೆ) ಬಂದ ವಾಡೆಯ ನೆರೆಕರೆಯವರು, ಹದಿನೈದು ದಿನ ಗಂಜಿ ಚಟ್ನಿ ಕಳಿಸಿದ ಪಕ್ಕದ ಮನೆಯ ಅಕ್ಕ, ಕರೆದಾಗಲೆಲ್ಲ ಬಂದ ಆಟೋದ ಅಣ್ಣ, ನಿಮಗೆಲ್ಲ ದೇವರು ಒಳ್ಳೆಯದು ಮಾಡಲಿ. ಪಂಚಾಯತ್‌ನ ಪಾಲಿಯೇಟಿವ್ ಸಿಸ್ಟರ್‌ಗೆ, ಅಂದರೆ ಗುಣವಾಗದ ರೋಗಿಗಳ ನೋವು ಕಡಿಮೆ ಮಾಡಲು ಮನೆಗೇ ಬರುವ ನರ್ಸ್‌ಗೆ, ಬೇರೆಯಾಗಿ ಹೇಳಬೇಕು. ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ ನೀತಿ ತಂದಿತು ಅಂತ ಎಲ್ಲೋ ಓದಿದ್ದೆ. ಆಗ ಅದು ಸುಮ್ನೆ ಒಂದು ಸುದ್ದಿ. ಅದರ ಅರ್ಥ ಗೊತ್ತಾದದ್ದು ಆ ಸಿಸ್ಟರ್ ಚಪ್ಪಲಿ ಹೊರಗಿಟ್ಟು ಅಪ್ಪನ ಬೆನ್ನಿನ ಹುಣ್ಣು ತೊಳೆದ ದಿನ.

ಇನ್ನು ಒಬ್ಬರ ವಿಷಯ. ಹೆಸರು ಬರೆಯಬೇಡ ಅಂತ ಹೇಳಿದ್ದಾರೆ, ಬರೆಯುವುದಿಲ್ಲ. ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಹೊಂಡ ತೆಗೆಯುವವರು ಅಂದರೆ ಊರವರಿಗೆ ಸಾಕು.

ಅಕ್ಟೋಬರ್ ಮೊದಲ ವಾರ, ಸಂಜೆ ಗುಡುಗು ಮಳೆ. ಕರೆಂಟ್ ಇಲ್ಲ. ತಮ್ಮ ಇನ್ನೂ ದುಬೈಯಿಂದ ಹೊರಟಿರಲಿಲ್ಲ. ಅಪ್ಪನ ಉಸಿರು ಒಂದು ಥರ ಆಗಿತ್ತು. ಅಷ್ಟು ಹೊತ್ತಿಗೆ ಇವರು ಕೊಡೆ ಮಡಚಿ ನಮ್ಮ ಜಗಲಿ ಹತ್ತಿದರು. ನನ್ನ ಎದೆ ಧಸಕ್ಕೆಂದಿತು. ಈ ಹೊತ್ತಿನಲ್ಲಿ ಇವರೇ ಯಾಕೆ ಬಂದರು ಅಂತ ಅನಿಸಿತು. ಅಮ್ಮ ಅಂತೂ ಒಳಗೆ ಹೋಗಿಬಿಟ್ಟರು. ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ, ಎಲ್ಲರ ಎದುರು ಕೇಳುತ್ತೇನೆ. ಅವರು ನೋಡಿ ಹೋಗಲು ಬಂದವರು. ಅಪ್ಪನ ಸ್ಥಿತಿ ನೋಡಿ ಹೋಗಲಿಲ್ಲ. ಅಂಗಿಯ ತೋಳು ಮಡಚಿ ಮಂಚದ ಹತ್ತಿರ ಸ್ಟೂಲ್ ಎಳೆದು ಕೂತರು.

ಹತ್ತಿಯನ್ನು ನೀರಲ್ಲಿ ಅದ್ದಿ ಅಪ್ಪನ ತುಟಿಗೆ ಒತ್ತುತ್ತಿದ್ದರು. ಚಿಮಿಣಿ ದೀಪದ ಬೆಳಕಿನಲ್ಲಿ ಆ ಕೈ ಈಗಲೂ ಕಣ್ಣಿಗೆ ಕಟ್ಟಿದೆ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ತೊಳೆದರೂ ಹೋಗದ ಮುರಕಲ್ಲಿನ ಕೆಂಪು. ಅಷ್ಟು ಒರಟು ಕೈ, ಅಷ್ಟು ಮೆತ್ತಗೆ. ನಾನು ಮಾಡುವಾಗ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಅವರು ಮಾಡುವಾಗ ಒಂದು ಹನಿಯೂ ಇಳಿಯಲಿಲ್ಲ.

ನಡುರಾತ್ರಿ ದಾಟಿದ ಮೇಲೆ ಅಪ್ಪ ಕಣ್ಣು ಬಿಟ್ಟು ಅವರನ್ನು ಗುರುತಿಸಿದರು. "ಅಲ್ಲಿ ತುಂಬ ಕತ್ತಲೆ ಅಲ್ವಾ?" ಅಂತ ಕೇಳಿದರು. ನಾನಾಗಿದ್ದರೆ ಹಾಗೆಲ್ಲ ಮಾತಾಡಬೇಡಿ ಅಪ್ಪ ಅಂತ ಬಾಯಿ ಮುಚ್ಚಿಸುತ್ತಿದ್ದೆ. ಅವರು ಮುಚ್ಚಿಸಲಿಲ್ಲ.

"ಕತ್ತಲೆಯೇ. ಯೇಸುಸ್ವಾಮಿಗೂ ಅಲ್ಲಿ ಕತ್ತಲೆಯೇ ಇತ್ತು. ಆದರೆ ಮೊದಲು ಹೋದವರು ನೀವಲ್ಲ. ಅವರು ಹೋಗಿ ಈಚೆ ಬಂದಾಗಿದೆ" ಅಂದರು.

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನಕ್ಕೆ, "ಹೌದು, ಗದ್ದೆಯಲ್ಲಿ ಒಂದೇ ತೆನೆ ಬರುವುದಿಲ್ಲ" ಅಂದರು.

ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ತಿಳಿದೆ. ಎದ್ದು ಹಿಂದಿನ ಬಾಗಿಲಿನಿಂದ ಬಾವಿಕಟ್ಟೆಗೆ ಹೋದೆ. ಮಳೆಯಲ್ಲೇ ಕೂತು ಅತ್ತೆ. ಭಾನುವಾರ ಭಾನುವಾರ "ಶರೀರದ ಪುನರುತ್ಥಾನವನ್ನು ನಂಬುತ್ತೇನೆ" ಅಂತ ಹೇಳಿದವಳು ನಾನು. ಆ ರಾತ್ರಿ ಆ ಮಾತು ನನ್ನೊಳಗೆ ಎಲ್ಲಿಯೂ ಇರಲಿಲ್ಲ. ಹುಡುಕಿದೆ, ಇರಲಿಲ್ಲ. ಇದೆಲ್ಲ ಬೇಗ ಮುಗಿದು ಹೋಗಲಿ ಅಂತಲೂ ಅಂದುಕೊಂಡೆ. ಬರೆಯಲು ಕೈ ನಡುಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಅವರು ಹಿಂದೆಯೇ ಬಂದು ಕೊಡೆ ಹಿಡಿದು ನಿಂತರು. ನಂಬು ಅಂತ ಹೇಳಲಿಲ್ಲ. "ಅಳು ಮಗಾ. ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸುಸ್ವಾಮಿಯೂ ಅತ್ತರಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ನನ್ನ ಮಗಳ ಹೊಂಡ ನಾನೇ ತೆಗೆದದ್ದು. ಅವಳು ಏಳುತ್ತಾಳೆ ಅಂತ ನನಗೆ ಗೊತ್ತು. ಆದರೂ ಆ ದಿನ ಗುದ್ದಲಿ ಎತ್ತಲಿಕ್ಕೆ ಆಗಲಿಲ್ಲ."

ಅಳು ಬಂದರೆ ನಂಬಿಕೆ ಹೋಯಿತು ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ ಅಂತ ಆ ಕೊಡೆಯ ಕೆಳಗೆ ನಿಂತಾಗ ಗೊತ್ತಾಯಿತು. ಬೆಳಗಿನವರೆಗೆ ಅವರು ಕಣ್ಣು ಮುಚ್ಚಲಿಲ್ಲ. ಐದೂವರೆಗೆ ಒಂದು ಲೋಟ ಕಪ್ಪು ಚಹಾ ಕುಡಿದು ಹೋದರು.

ತೆನೆಯ ಮಾತು ನನಗೆ ಅರ್ಥವಾದದ್ದು ಅಪ್ಪ ಹೋದ ಮೇಲೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳು ಹುಟ್ಟಿದ ದಿನದ ಹೊಸ ತೆನೆಯ ಹಬ್ಬಕ್ಕೆ, ಅಪ್ಪ ಇಗರ್ಜಿಗೆ ಬರುವ ಹಾಗಿರಲಿಲ್ಲ. ಆಶೀರ್ವಾದದ ತೆನೆಯನ್ನು ಮಂಚದ ಹತ್ತಿರ ತಂದೆವು. ಒಂದೊಂದೇ ಭತ್ತ ಸುಲಿದು, ಪುಡಿ ಮಾಡಿ, ಹಾಲಿನಲ್ಲಿ ಕಲಸಿ ಅಮ್ಮ ಚಮಚದಲ್ಲಿ ಕೊಟ್ಟರು. ಹೊಸ ಅಕ್ಕಿಯನ್ನು ಅಪ್ಪ ನುಂಗಿದರು. ಉಳಿದ ತೆನೆ ಶಿಲುಬೆಯ ಹಿಂದೆ ಸಿಕ್ಕಿಸಿದೆವು. ಈಗ ಅವರ ಬೈಬಲ್ ತೆಗೆದು ನೋಡಿದರೆ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ, 15ನೇ ಅಧ್ಯಾಯ, 20ನೇ ವಚನದ ಕೆಳಗೆ ಗೆರೆ. ಕ್ರಿಸ್ತನು ಸತ್ತವರಲ್ಲಿ ಪ್ರಥಮಫಲ ಅಂತ ಇರುವ ವಚನ. ಪ್ರಥಮಫಲ ಅಂದರೆ ಮೊದಲ ತೆನೆ ಅಲ್ವಾ? ಬೇಸಾಯದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ತೆನೆ ಇಗರ್ಜಿಗೆ ಬಂತು ಅಂದರೆ ಹಿಂದೆ ಇಡೀ ಗದ್ದೆ ಮಾಗುತ್ತಾ ಉಂಟು. ಅಪ್ಪನ ಬುದ್ಧಿ ಆ ರಾತ್ರಿ ನನ್ನದಕ್ಕಿಂತ ಸ್ಥಿಮಿತದಲ್ಲಿತ್ತು.

ಮೂರನೇ ದಿನ ಬೆಳಗ್ಗೆ ಅಪ್ಪ ಹೋದರು. ತಮ್ಮ ಬಂದು ತಲುಪಿದ್ದ, ಅದೊಂದು ದೊಡ್ಡ ಕೃಪೆ. ಹೊಂಡ ಅವರೇ ತೆಗೆದರು. ಕಾಲು ಪೂರ್ವಕ್ಕೆ, ಎದ್ದಾಗ ಮುಖ ಸೂರ್ಯ ಹುಟ್ಟುವ ಕಡೆಗೆ ಇರಬೇಕು ಅಂತ ಹಿಂದಿನಿಂದ ಬಂದ ಕ್ರಮ. ಮತ್ತೆ ಮಳೆ ಸುರಿದು ಹೊಂಡಕ್ಕೆ ನೀರು ಇಳಿಯಿತು. ಇಗರ್ಜಿಯ ಒಳಗೆ ಪೆಟ್ಟಿಗೆಯ ಪಕ್ಕ ಈಸ್ಟರಿನ ದೊಡ್ಡ ಮೇಣದಬತ್ತಿ ಉರಿಯುತ್ತಿತ್ತು, ಪೂಜೆ ನಡೆಯುತ್ತಿತ್ತು. ಅವರು ಹೊರಗೆ ಬಕೆಟ್‌ನಲ್ಲಿ ನೀರು ಎತ್ತಿ ಎತ್ತಿ ಹಾಕುತ್ತಿದ್ದರಂತೆ. ತಮ್ಮ ಆಮೇಲೆ ಹೇಳಿದ. ನಾವು ಅಪ್ಪನನ್ನು ಇಳಿಸುವಾಗ ತಳದಲ್ಲಿ ಬರೇ ಕೆಂಪು ಮಣ್ಣು, ಮೇಲೆ ನೀಲಿ ಟಾರ್ಪಾಲ್ ಕಟ್ಟಿತ್ತು. ಅಪ್ಪ ನೆನೆಯಲಿಲ್ಲ.

ನವೆಂಬರ್ 2ರಂದು ಎಲ್ಲ ಸಮಾಧಿಗಳಿಗೂ ಮೇಣದಬತ್ತಿ ಹಚ್ಚುವಾಗ ಅವರ ಮಗಳ ಸಮಾಧಿ ಎಲ್ಲಿದೆ ಅಂತ ಕೇಳಿದೆ. ತೋರಿಸಿದರು. ಅಪ್ಪನದಕ್ಕಿಂತ ಮೂರು ಸಾಲು ಆಚೆ. ಅಲ್ಲೂ ಒಂದು ಹಚ್ಚಿದೆ.

ಆ ಟಾರ್ಪಾಲ್ ಇನ್ನೂ ನಮ್ಮ ಮನೆಯಲ್ಲೇ ಉಂಟು. ಅಮ್ಮ ಅದನ್ನು ತೊಳೆದು, ಜಗಲಿಯಲ್ಲಿ ಒಣಗಿಸಿ, ಮಡಚಿ ಇಟ್ಟಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ತಂದು ಕೊಡುತ್ತೇನೆ. ಇಲ್ಲ, ನೀವೇ ಬನ್ನಿ ಅಂತ ಅಮ್ಮ ಹೇಳುತ್ತಿದ್ದಾರೆ. ಈ ಸಲ ಊಟಕ್ಕೆ.