ತಮ್ಮನ ಹೊಟ್ಟೆನೋವಿನ ವಿಚಾರ

ಲೈಪ್ಜಿಗ್, ಜರ್ಮನಿ,
ಭಾನುವಾರ

ಅಪ್ಪನಿಗೆ, ಅವ್ವನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೀನಿ. ಅವ್ವ ಕಟ್ಟಿಕೊಟ್ಟ ಹುರಿಹಿಟ್ಟು ಇನ್ನೂ ಅರ್ಧ ಡಬ್ಬ ಇದೆ.

ಲೆಕ್ಕದ ಪರೀಕ್ಷೆ ದಿನ ತಮ್ಮ ಹೊಟ್ಟೆನೋವು ಅಂತ ಮಲಗಿಬಿಟ್ಟ, ನಾಟಕ ಆಡ್ತಾನೆ ಅಂದ್ರಿ. ಅದು ನಾಟಕ ಅಲ್ಲ ಅಪ್ಪ. ಫೋನಿನಲ್ಲಿ ಬಿಡಿಸಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೀತಿದ್ದೀನಿ.

ನಾನು ಮನಶ್ಶಾಸ್ತ್ರಕ್ಕೆ ಸೇರಿದಾಗ ‘ಹುಚ್ಚು ಬಿಡಿಸೋ ಓದಾ?’ ಅಂತ ಊರಲ್ಲಿ ಕೇಳಿದ್ರಲ್ಲ. ಕಾಯಿಲೆ ಅದರಲ್ಲಿ ಒಂದು ಭಾಗ ಅಷ್ಟೆ. ನೆನಪು, ಮರೆವು, ಕಲಿಕೆ, ಭಯ, ಸಿಟ್ಟು ಇವೆಲ್ಲ ಯಾಕೆ ಹೀಗೆ ಅಂತ ಅಳೆದು, ಪರೀಕ್ಷೆ ಮಾಡಿ ನೋಡೋ ಓದು ಇದು. ಅದಕ್ಕೆ ಅಂತಲೇ ವಿಲ್ಹೆಲ್ಮ್ ವುಂಟ್ ಅನ್ನೋರು 1879ರಲ್ಲಿ ಇದೇ ಊರಲ್ಲಿ ಪ್ರಯೋಗಶಾಲೆ ತೆರೆದರು. ಮೈಸೂರೂ ಹಿಂದೆ ಬಿದ್ದಿರಲಿಲ್ಲ, 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಈ ಓದಿನ ವಿಭಾಗ ಕಟ್ಟಿದ್ರು. ನೀವು ಬೆಳಿಗ್ಗೆ ಕೇಳೋ ಆಕಾಶವಾಣಿ ಇದೆಯಲ್ಲ, 1935ರಲ್ಲಿ ಆ ಹೆಸರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ!

ನಮ್ಮ ಹಸೂನೇ ನೋಡಿ. ಬಕೆಟ್ಟಿನ ಸದ್ದು ಕೇಳಿದ್ರೆ ಸಾಕು, ಕರು ಬಿಡೋಕೆ ಮುಂಚೆನೇ ಕೆಚ್ಚಲಿಗೆ ಹಾಲು ಇಳಿಯುತ್ತೆ. ಬಕೆಟ್ಟಿಗೂ ಹಾಲಿಗೂ ಹುಟ್ಟಿನಿಂದ ಬಂದ ನಂಟೇನಿಲ್ಲ. ದಿನಾ ಸದ್ದು ಮೊದಲು, ಕರೆಯೋದು ಆಮೇಲೆ. ಹಾಗೇ ಆಗಿ ಆಗಿ ಮೈ ಕಲಿತುಕೊಂಡಿದೆ. ರಷ್ಯಾದ ಪಾವ್ಲೋವ್ ನಾಯಿಗಳಲ್ಲಿ ಇದನ್ನೇ ಕಂಡರು. ಊಟ ತರೋನ ಹೆಜ್ಜೆ ಸದ್ದಿಗೇ ಅವಕ್ಕೆ ಜೊಲ್ಲು ಸುರೀತಿತ್ತು.

ಹಸು ಬೇಕು ಅಂತ ಮಾಡಲ್ಲ, ತಮ್ಮನೂ ಮಾಡಲ್ಲ. ಐದನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗೆಲ್ಲ ಬೆತ್ತದ ಏಟು ತಿಂದ. ಮನೆಗೆ ಬಂದರೆ ನಾವೂ ಬೈದೆವು. ಈಗ ಲೆಕ್ಕದ ಪುಸ್ತಕ ತೆಗೆದರೆ, ಏಟು ಬೀಳೋಕೆ ಮುಂಚೆನೇ ಹೊಟ್ಟೆ ಬಿಗಿಯುತ್ತೆ ಅಂತ ನನಗನ್ನಿಸುತ್ತೆ. ಯಾವುದಕ್ಕೂ ಒಂದು ಸಲ ಮಂಡ್ಯಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಆದರೆ ಸುಳ್ಳುಗಾರ ಅಂತ ಮಾತ್ರ ಅನ್ನಬೇಡಿ. ಅವತ್ತು ಅವನು ಅಳುವಾಗ ನಾನೂ ನಕ್ಕಿದ್ದೆ, ನೆನೆದರೆ ಸಂಕಟ ಆಗುತ್ತೆ.

ಕಲಿತ ಭಯ ಕಳೆಯುತ್ತೆ ಅಪ್ಪ. ಅಮೆರಿಕದ ಮೇರಿ ಕವರ್ ಜೋನ್ಸ್ ಅನ್ನೋರು, ಮೊಲ ಕಂಡರೆ ಹೆದರೋ ಪುಟ್ಟ ಹುಡುಗನ ವಿಚಾರ 1924ರಲ್ಲಿ ಬರೆದಿದ್ದಾರೆ. ಅವನು ಇಷ್ಟದ ತಿಂಡಿ ತಿನ್ನೋವಾಗ ಮೊಲಾನ ದೂರದಲ್ಲಿಟ್ಟರು. ಅವನು ಹೆದರದಷ್ಟೇ ಅಳತೆಯಲ್ಲಿ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಹುಡುಗ ಅದನ್ನ ಮುಟ್ಟಿ ಆಡಿದ.

ನಾವೂ ಹಾಗೇ ಮಾಡೋಣ. ಸ್ವಲ್ಪ ದಿನ ಲೆಕ್ಕದ ಪುಸ್ತಕದ ಸುದ್ದಿ ಎತ್ತಬೇಡಿ. ಡೈರಿ ಪಾಸ್‌ಬುಕ್ ಅವನ ಕೈಗೆ ಕೊಡಿ. ಎಷ್ಟು ಲೀಟರ್ ಹಾಕಿದ್ವಿ, ವಾರಕ್ಕೆ ಎಷ್ಟು ದುಡ್ಡು ಬರಬೇಕು ಅಂತ ಅವ್ವ ರೊಟ್ಟಿ ತಟ್ಟೋವಾಗ ಪಕ್ಕದಲ್ಲಿ ಕೂತು ಹೇಳಲಿ. ತಪ್ಪಿದರೆ ದನಿ ಏರಿಸಬೇಡಿ. ನಿಮಗೆ ಅದು ಕಷ್ಟ, ನಿಮ್ಮನ್ನೂ ಏಟು ಕೊಟ್ಟೇ ಬೆಳೆಸಿದ್ರು ಅಂತ ಗೊತ್ತು. ಆದರೂ ಕೇಳ್ತಿದ್ದೀನಿ.

ಮುಂದಿನ ಭಾನುವಾರ ಫೋನ್ ಮಾಡ್ತೀನಿ. ಈ ವಾರದ ಹಾಲಿನ ಲೆಕ್ಕ ಅವನೇ ಹೇಳಲಿ, ನಾನು ಬರ್ಕೋತೀನಿ.