ನಗರಸಭೆಗೆ ಆಯ್ಕೆಯಾದ ಮಗನಿಗೆ, ಲಾಗೋಸಿನ ಜಕಾಂಡೆಯವರನ್ನು ನೆನೆದು

ಚಿರಂಜೀವಿ ತಂಗಿಯ ಮಗನಿಗೆ ನಿನ್ನ ದೊಡ್ಡಮ್ಮನ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ.

ನೀನು ನಗರಸಭೆಗೆ ಆಯ್ಕೆಯಾದ ಸುದ್ದಿಯನ್ನು ನಿನ್ನ ಅಮ್ಮ ಹೇಳಿದಂದಿನಿಂದ ನನಗೆ ಒಬ್ಬರ ನೆನಪು ಮತ್ತೆ ಮತ್ತೆ ಬರುತ್ತಿದೆ. ನಿನ್ನ ದೊಡ್ಡಪ್ಪನೂ ನಾನೂ ಉಪಾಧ್ಯಾಯರಾಗಿ ನೈಜೀರಿಯಾಕ್ಕೆ ಹೋಗಿ 1980ರಿಂದ ನಾಲ್ಕು ವರ್ಷ ಲಾಗೋಸಿನಲ್ಲಿದ್ದೆವಲ್ಲ, ಆಗ ಆ ರಾಜ್ಯದ ಗವರ್ನರ್ ಆಗಿದ್ದವರು ಲತೀಫ್ ಜಕಾಂಡೆ. ಅಲ್ಲಿ ಗವರ್ನರನ್ನು ಜನರೇ ಆರಿಸುತ್ತಾರೆ. ನಮ್ಮ ಮುಖ್ಯಮಂತ್ರಿಯ ಅಧಿಕಾರವೆಲ್ಲ ಅವರದು. ಜಕಾಂಡೆಯವರು ಮೂಲತಃ ಪತ್ರಕರ್ತರು, ನೈಜೀರಿಯನ್ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕರಾಗಿದ್ದವರು. ತಮ್ಮ ನಾಯಕ ಅವೊಲೊವೊ ಅವರ ಜೊತೆಗೆ ರಾಜದ್ರೋಹದ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ, 1966ರವರೆಗೆ ಸೆರೆಮನೆಯಲ್ಲಿದ್ದವರು. ಐವತ್ತನೆಯ ವಯಸ್ಸಿನಲ್ಲಿ, 1979ರ ಅಕ್ಟೋಬರ್ 1ರಂದು, ಲಾಗೋಸ್ ರಾಜ್ಯದ ಮೊದಲ ಚುನಾಯಿತ ಗವರ್ನರ್ ಆದರು.

ಅವರು ಬರುವ ಮೊದಲು ಅಲ್ಲಿನ ಶಾಲೆಗಳು ಪಾಳಿಯಲ್ಲಿ ನಡೆಯುತ್ತಿದ್ದವು. ಬೆಳಗಿನ ಪಾಳಿಯ ಮಕ್ಕಳು ಎದ್ದ ಬೆಂಚಿನ ಮೇಲೆ ಮಧ್ಯಾಹ್ನದ ಪಾಳಿಯ ಮಕ್ಕಳು ಬಂದು ಕೂರುತ್ತಿದ್ದರು. ತಾಯಂದಿರು ಸಂತೆಗೆ ಹೋದ ಮನೆಗಳಲ್ಲಿ ಉಳಿದರ್ಧ ದಿನ ಮಕ್ಕಳು ಬೀದಿಯಲ್ಲಿರುತ್ತಿದ್ದರು. ಜಕಾಂಡೆಯವರು ಶಿಕ್ಷಣವನ್ನು ಉಚಿತಗೊಳಿಸಿ ಪಾಳಿ ಪದ್ಧತಿಯನ್ನು ನಿಲ್ಲಿಸಿದರು. ಅದಕ್ಕೆ ಬೇಕಾದಷ್ಟು ಕೊಠಡಿಗಳು ಇರಲಿಲ್ಲವಾದ್ದರಿಂದ ಉದ್ದನೆಯ, ತಗ್ಗಾದ, ಯಾವ ಅಂದವೂ ಇಲ್ಲದ ಕಟ್ಟಡಗಳನ್ನು ಊರ ತುಂಬ ಅವಸರದಲ್ಲಿ ಎಬ್ಬಿಸಿದರು. ವಿರೋಧಿಗಳು ಅವುಗಳನ್ನು ಕೋಳಿಗೂಡುಗಳೆಂದು ಹಂಗಿಸಿದರು. ಅಂಥದ್ದೇ ಒಂದು ಕಟ್ಟಡದಲ್ಲಿ ನಾನು ಗಣಿತ ಕಲಿಸಿದೆ. ಜೋರು ಮಳೆ ಬಂದರೆ ತಗಡಿನ ಸದ್ದಿಗೆ ನನ್ನ ಮಾತು ಎರಡನೆಯ ಸಾಲಿಗೂ ಕೇಳಿಸದೆ, ಲೆಕ್ಕವನ್ನೆಲ್ಲ ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲಬೇಕಾಗುತ್ತಿತ್ತು. ಆದರೂ ಪ್ರತಿಯೊಂದು ಮಗುವಿಗೂ ಇಡೀ ದಿನಕ್ಕೆ ತನ್ನದೆನ್ನುವ ಒಂದು ಜಾಗವಿತ್ತು. ಮಗನೇ, ನಾಳೆ ನಿನ್ನ ಮುಂದೆ ಕಮಾನು, ವೃತ್ತ, ಪ್ರತಿಮೆಗಳ ಪ್ರಸ್ತಾವಗಳು ಬಂದಾಗ ನೀನು ಆ ತಗಡಿನ ಸೂರನ್ನು ನೆನೆಯಬೇಕೆಂಬುದು ನನ್ನ ಆಸೆ.

ಮನೆಗಳ ವಿಷಯದಲ್ಲೂ ಅವರದು ಅದೇ ರೀತಿ. ಅಬೆಸಾನ್, ಇಬಾ, ಇಪೊನ್ರಿ, ಅಮುವೊ ಓಡೊಫಿನ್ ಮೊದಲಾದ ಕಡೆಗಳಲ್ಲಿ ಬಡವರಿಗೂ ಸಣ್ಣ ಸಂಬಳದವರಿಗೂ ಅಗ್ಗದ ವಸತಿ ಬಡಾವಣೆಗಳನ್ನು ಕಟ್ಟಿಸಿದರು. ಅಂಥ ಬಡಾವಣೆಗಳನ್ನು ಜನ ಇಂದಿಗೂ ಜಕಾಂಡೆ ಎಸ್ಟೇಟ್ ಎಂದೇ ಕರೆಯುತ್ತಾರೆ. ಹಣದ ಒಂದು ಪಾಲನ್ನು ಶ್ರೀಮಂತರ ನೆಲೆಯಾದ ವಿಕ್ಟೋರಿಯಾ ಐಲ್ಯಾಂಡಿನ ನಿವೇಶನಗಳ ಬೆಲೆ ಏರಿಸಿ, ಕಟ್ಟಡ ತೆರಿಗೆ ಹೆಚ್ಚಿಸಿ ಹೊಂದಿಸಿದರು. ತೆರಿಗೆಯ ಮಾತೆತ್ತಿದರೆ ಮತ ಹೋಗುತ್ತದೆಂದು ನಿನ್ನ ಜೊತೆಯವರು ಹೆದರಿಸುತ್ತಾರೆ. ತೆರಿಗೆ ಏರಿಸಿದ ಈ ಮನುಷ್ಯ 1983ರಲ್ಲಿ ಮತ್ತೆ ಗೆದ್ದರೆಂಬುದನ್ನು ಅವರಿಗೆ ಹೇಳು. ಗವರ್ನರ್ ಆಗಿದ್ದಾಗಲೂ ಇಲುಪೆಜುವಿನ ಸ್ವಂತ ಮನೆಯಲ್ಲೇ ಇದ್ದು, ತಮ್ಮದೇ ಟೊಯೊಟಾ ಕಾರಿನಲ್ಲಿ ಓಡಾಡುತ್ತಿದ್ದ ಅವರು ಜನರಿಂದ ಹಣ ಕೇಳಿದಾಗ, ಆ ಹಣ ಎಲ್ಲಿಗೆ ಹೋಗುತ್ತದೆಂಬ ಅನುಮಾನ ಜನರಲ್ಲಿ ಹುಟ್ಟಲಿಲ್ಲ ಎಂದೇ ನನ್ನ ನಂಬಿಕೆ.

ಆದರೆ ಎರಡನೆಯ ಅವಧಿ ಮೂರೇ ತಿಂಗಳಿಗೆ ಮುಗಿಯಿತು. 1983ರ ಡಿಸೆಂಬರ್ 31ರಂದು ಸೈನ್ಯ ಅಧಿಕಾರ ಹಿಡಿಯಿತು, ಜಕಾಂಡೆಯವರು ಬಂಧನಕ್ಕೊಳಗಾದರು. ನಗರಕ್ಕಾಗಿ ಅವರು ಆರಂಭಿಸಿದ್ದ ಮೆಟ್ರೋ ರೈಲಿನ ಯೋಜನೆಯನ್ನು ಸೇನಾ ಸರ್ಕಾರ 1985ರಲ್ಲಿ ರದ್ದು ಮಾಡಿತು. ಲಾಗೋಸಿನಲ್ಲಿ ಮೆಟ್ರೋ ಓಡಿದ್ದು 2023ರ ಸೆಪ್ಟೆಂಬರಿನಲ್ಲಿ. ಅದನ್ನು ನೋಡಲು ಅವರು ಉಳಿದಿರಲಿಲ್ಲ, 2021ರ ಫೆಬ್ರುವರಿಯಲ್ಲಿ 91ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ರೈಲು ಬೇಕಿತ್ತು, ಅವರ ದೂರದೃಷ್ಟಿಯಲ್ಲಿ ತಪ್ಪಿರಲಿಲ್ಲ. ಆದರೆ ಮುಗಿದು ಜನರ ಕೈಸೇರಿದ ಶಾಲೆ, ಮನೆ, 1983ರಲ್ಲೇ ಸ್ಥಾಪಿಸಿದ ಲಾಗೋಸ್ ರಾಜ್ಯ ವಿಶ್ವವಿದ್ಯಾಲಯ ಇವು ಉಳಿದವು, ಅರ್ಧದಲ್ಲಿದ್ದದ್ದನ್ನು ಬೇರೊಬ್ಬರ ಒಂದು ಸಹಿ ಅಳಿಸಿಹಾಕಿತು. ಆದ್ದರಿಂದ ನಿನ್ನ ಅವಧಿಯ ಮೊದಲ ವರ್ಷದಲ್ಲಿ, ಆ ವರ್ಷದೊಳಗೇ ಮುಗಿಯುವ ಕೆಲಸಗಳನ್ನು ಹಿಡಿ.

ಇನ್ನೊಂದು ಸಂಗತಿಯನ್ನು ಮರೆಮಾಚಿದರೆ ನಾನು ನಿನಗೆ ಅರ್ಧ ಮನುಷ್ಯನನ್ನು ತೋರಿಸಿದಂತಾಗುತ್ತದೆ. 1993ರಲ್ಲಿ ಅಬಿಯೋಲಾ ಗೆದ್ದಿದ್ದ ಅಧ್ಯಕ್ಷ ಚುನಾವಣೆಯನ್ನು ಸೇನಾ ಆಡಳಿತ ರದ್ದುಗೊಳಿಸಿತು. ಆಮೇಲೆ ಅಧಿಕಾರ ಕಿತ್ತುಕೊಂಡ ಸಾನಿ ಅಬಾಚಾನ ಮಂತ್ರಿಮಂಡಲದಲ್ಲಿ ಜಕಾಂಡೆಯವರು ಲೋಕೋಪಯೋಗಿ ಮತ್ತು ವಸತಿ ಮಂತ್ರಿಯಾದರು. ಅಬಿಯೋಲಾ ಮತ್ತಿತರ ನಾಯಕರ ಒತ್ತಾಯದಿಂದಲೇ ಸೇರಿದೆನೆಂದು ಅವರು ಹೇಳಿದರು. ಅದರ ಬಗ್ಗೆ ತಮಗೆ ವಿಷಾದವಿಲ್ಲವೆಂದೂ ಹೇಳಿದರು. ಆದರೆ 1994ರಲ್ಲಿ ಅಬಿಯೋಲಾ ಬಂಧಿತರಾದ ಮೇಲೂ ಅವರು ಮಂತ್ರಿಯಾಗಿಯೇ ಉಳಿದದ್ದನ್ನು, ಅವರನ್ನು ಪೂಜಿಸುತ್ತಿದ್ದ ಅನೇಕರು ಕ್ಷಮಿಸಲಿಲ್ಲ. ನನಗೂ ಆ ಸುದ್ದಿ ಓದಿ ಬಹಳ ನೋವಾಗಿತ್ತು. ಒಳಗಿದ್ದರೆ ನಾಲ್ಕು ಮನೆಯಾದರೂ ಕಟ್ಟಿಸಬಹುದೆಂದು ಅವರಿಗೆ ಅನ್ನಿಸಿರಬಹುದು. ಕೆಲಸದ ಹಂಬಲವುಳ್ಳವರಿಗೆ ಬರುವ ಆಸೆ ಅದು, ನಿನಗೂ ಬಂದೀತು. ಹಾಗೆ ಬಂದ ದಿನ ಯಾರಿಗೂ ಒಪ್ಪಿಗೆ ಕೊಡುವ ಮೊದಲು ನನಗೊಂದು ಫೋನು ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಪ್ರಮಾಣವಚನ ಮುಗಿದ ವಾರ ನಿನ್ನ ವಾರ್ಡಿನ ಸರ್ಕಾರಿ ಶಾಲೆಗೆ ಹೋಗಿ, ಎಷ್ಟು ಕೊಠಡಿಗಳಿವೆ, ಎಷ್ಟು ಮಕ್ಕಳು ವರಾಂಡದಲ್ಲಿ ಕೂರುತ್ತಾರೆ ಎಂಬುದನ್ನು ನೀನೇ ಎಣಿಸಿ ನನಗೆ ಬರೆ. ಕಾಗದಕ್ಕಾಗಿ ಕಾಯುತ್ತಿರುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ